ಅಂಟಿಕೊಂಡಲ್ಲ, ಒತ್ತಿಕೊಂಡು: ಕಟ್ಟಡದ ಸಂದು ಕಾಯುವ ಫೋಮ್

ಕಾಂಕ್ರೀಟು, ಇಟ್ಟಿಗೆ, ಉಕ್ಕು, ಅಲ್ಯೂಮಿನಿಯಂ, ಗಾಜು ಇವುಗಳಲ್ಲಿ ಯಾವುದೂ ವರ್ಷವಿಡೀ ಒಂದೇ ಅಳತೆಯಲ್ಲಿ ನಿಲ್ಲುವ ವಸ್ತುವಲ್ಲ. ಬಿಸಿಲೇರಿದಾಗ ಎಲ್ಲವೂ ಹಿಗ್ಗುತ್ತವೆ, ತಂಪಾದಾಗ ಕುಗ್ಗುತ್ತವೆ, ಆದರೆ ಒಂದೊಂದು ವಸ್ತುವೂ ತನ್ನದೇ ಪ್ರಮಾಣದಲ್ಲಿ ಹಾಗೆ ಮಾಡುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಮೀಟರ್ ಉದ್ದದ ಕಾಂಕ್ರೀಟು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ ಬೆಳೆಯುತ್ತದೆ, ಅಲ್ಯೂಮಿನಿಯಂ ಅದರ ಎರಡು ಪಟ್ಟಿಗೂ ಹೆಚ್ಚು, ಕಿಟಕಿ ಚೌಕಟ್ಟಿನ ಪಿವಿಸಿ ಪ್ಲಾಸ್ಟಿಕ್ಕು ಏಳೆಂಟು ಪಟ್ಟು. ಅಳತೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ 45 ಮೀಟರ್ ಉದ್ದದ ಕಾಂಕ್ರೀಟು ಕಟ್ಟಡವೊಂದು 30 ಡಿಗ್ರಿಯ ವ್ಯತ್ಯಾಸಕ್ಕೆ ಸಿಕ್ಕಿದರೆ ಅದರ ಉದ್ದ 13 ಮಿಲಿಮೀಟರಿಗಿಂತ ಹೆಚ್ಚು ಬದಲಾಗುತ್ತದೆ, ಮತ್ತು ಆ ಹಿಗ್ಗುವಿಕೆಗೆ ಜಾಗ ಸಿಗದಿದ್ದರೆ ಕಾಂಕ್ರೀಟು ತನ್ನ ಜಾಗವನ್ನು ತಾನೇ ಬಿರುಕಿನ ರೂಪದಲ್ಲಿ ಮಾಡಿಕೊಳ್ಳುತ್ತದೆ. ಭಾರತದ ಕಾಂಕ್ರೀಟು ಸಂಹಿತೆಯಾದ ಐಎಸ್ 456, ಅದರ 2000ದ ಆವೃತ್ತಿಯಲ್ಲಿ, 45 ಮೀಟರಿಗಿಂತ ಉದ್ದವಾದ ರಚನೆಗಳಿಗೆ ಸಾಮಾನ್ಯವಾಗಿ ಒಂದಾದರೂ ವಿಸ್ತರಣಾ ಸಂದು ಇರಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ. ಇಂಜಿನಿಯರುಗಳು ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎಂದು ಕರೆಯುವ ಈ ಸಂದು ಕಟ್ಟಡವನ್ನು ಉದ್ದೇಶಪೂರ್ವಕವಾಗಿ ಕತ್ತರಿಸಿ ಬಿಟ್ಟ ಖಾಲಿ ಜಾಗವಾಗಿದ್ದು, ಅದರೊಳಗೆ ಗಟ್ಟಿಯಾದದ್ದನ್ನು ತುಂಬಿದರೆ ಅದರ ಉದ್ದೇಶವೇ ಹಾಳಾಗುತ್ತದೆ, ಏನನ್ನೂ ತುಂಬದಿದ್ದರೆ ಮಳೆ, ಗಾಳಿ, ಧೂಳು, ಸದ್ದು ಎಲ್ಲವೂ ಒಳಗೆ ಬರುತ್ತವೆ.

ಈ ಇಕ್ಕಟ್ಟಿಗೆ ಬಹುಕಾಲದಿಂದ ಇದ್ದ ಉತ್ತರವೆಂದರೆ ಸೀಲಂಟ್, ಅಂದರೆ ಗನ್ನಿನಿಂದ ಪೇಸ್ಟಿನಂತೆ ಹಾಯಿಸಿದ ಮೇಲೆ ರಬ್ಬರಿನಂತೆ ಗಟ್ಟಿಯಾಗುವ ಸಿಲಿಕೋನ್, ಪಾಲಿಸಲ್ಫೈಡ್ ಅಥವಾ ಪಾಲಿಯುರಿಥೇನ್. ಅದು ಸಂದಿನ ಎರಡೂ ಗೋಡೆಗಳಿಗೆ ಅಂಟಿಕೊಂಡು, ಸಂದು ತೆರೆದಾಗ ಎಳೆದುಕೊಂಡು, ಮುಚ್ಚಿದಾಗ ಕುಗ್ಗಿ ಕೆಲಸ ಮಾಡುತ್ತದೆ. ಒಳ್ಳೆಯ ಸೀಲಂಟ್ ತನ್ನ ಅಗಲದ ಶೇಕಡಾ 25ರಷ್ಟು ಹಿಗ್ಗುವಿಕೆಯನ್ನೂ ಅಷ್ಟೇ ಕುಗ್ಗುವಿಕೆಯನ್ನೂ ತಾಳಬೇಕೆಂಬುದು ಪ್ರಚಲಿತ ವರ್ಗೀಕರಣಗಳಲ್ಲಿ ಒಂದು, ಅದರಂತೆ 12 ಮಿಲಿಮೀಟರ್ ಸಂದಿನಲ್ಲಿ ಸಿಗುವ ಅವಕಾಶ 3 ಮಿಲಿಮೀಟರ್. ತೊಡಕು ಇರುವುದು ಎಳೆತದಲ್ಲಿ. ಸಂದು ಅತಿ ಹೆಚ್ಚು ಅಗಲವಾಗುವುದು ಚಳಿಯ ದಿನದಲ್ಲಿ, ಏಕೆಂದರೆ ಆಗ ಎರಡೂ ಬದಿಯ ಗೋಡೆಗಳು ಕುಗ್ಗಿರುತ್ತವೆ. ಸೀಲಂಟ್ ಅತಿ ಬಿರುಸಾಗಿರುವುದೂ ಅದೇ ದಿನ. ಧೂಳು ಕೂತ ಗೋಡೆಯಾಗಲಿ, ತೇವವಿದ್ದ ಸಿಮೆಂಟಾಗಲಿ ಅಂಟಿನ ಹಿಡಿತವನ್ನು ಮೊದಲೇ ದುರ್ಬಲಗೊಳಿಸಿದ್ದರೆ, ಆ ದಿನ ಒಂದು ಬದಿ ಕಿತ್ತುಬರುತ್ತದೆ, ಮತ್ತು ಕೂದಲೆಳೆಯಷ್ಟು ಕಿತ್ತುಬಂದರೂ ಮುಂದಿನ ಮಳೆಗೆ ಅಷ್ಟು ಸಾಕು. ಸೀಲಂಟ್ ಸಂದಿನ ತಳಕ್ಕೂ ಅಂಟಿಕೊಂಡರೆ ಮೂರು ಕಡೆಯಿಂದ ಬಿಗಿಯಲ್ಪಟ್ಟು ಇನ್ನೂ ಬೇಗ ಹರಿಯುತ್ತದೆ. ಅದನ್ನು ತಪ್ಪಿಸಲೆಂದೇ ಒಳಗೆ ಫೋಮಿನ ಉದ್ದನೆಯ ಬಳ್ಳಿಯೊಂದನ್ನು ತುರುಕಿ ಅದರ ಮೇಲೆ ಸೀಲಂಟ್ ಹಾಯಿಸುತ್ತಾರೆ.

ಪೂರ್ವಸಂಪೀಡಿತ ಫೋಮ್, ಅಂದರೆ ಕಾರ್ಖಾನೆಯಲ್ಲೇ ಹಿಂಡಿ ಕಳುಹಿಸಿದ ಫೋಮ್, ಈ ಇಡೀ ತರ್ಕವನ್ನು ತಿರುವಿಹಾಕುತ್ತದೆ. ಅದು ಸಂದಿನ ಗೋಡೆಗಳನ್ನು ಹಿಡಿದು ಎಳೆಯುವುದಿಲ್ಲ, ಎರಡನ್ನೂ ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಸೀಸೆಯ ಬಾಯಿಗೆ ಒತ್ತಿದ ಬಿರಡೆ ಅಂಟಿಲ್ಲದೆಯೂ ನೀರು ತಡೆಯುವುದು ಯಾವ ಬಲದಿಂದಲೋ ಇದೂ ಅದೇ ಬಲದಿಂದ ನಿಲ್ಲುತ್ತದೆ. ಸಂದು ತೆರೆದರೆ ಫೋಮ್ ಉಬ್ಬಿ ಹಿಂಬಾಲಿಸುತ್ತದೆ, ಮುಚ್ಚಿದರೆ ಹಿಂಡಿಕೊಳ್ಳುತ್ತದೆ, ಎಳೆತವೆಂಬುದು ಅದರ ಜೀವನದಲ್ಲಿ ಬರುವುದೇ ಇಲ್ಲ. ಎಳೆತವಿಲ್ಲದ ಕಡೆ ಕಿತ್ತುಬರುವ ಪ್ರಶ್ನೆಯೂ ಇಲ್ಲ.

ಇದರ ಮೂಲವಸ್ತು ಪಾಲಿಯುರಿಥೇನ್, ಹಾಸಿಗೆ, ಸೋಫಾಗಳಲ್ಲಿ ಬಳಸುವ ಫೋಮಿನ ಕುಲಕ್ಕೇ ಸೇರಿದ್ದು. ಆ ರಸಾಯನವನ್ನು 1937ರಲ್ಲಿ ಜರ್ಮನಿಯ ಲೆವರ್ಕುಸೆನ್ ನಗರದಲ್ಲಿ ಕಂಡುಹಿಡಿದವರು ಓಟ್ಟೊ ಬಾಯರ್ ಮತ್ತು ಅವರ ಸಂಗಡಿಗರು. ಫೋಮಿನ ಪಟ್ಟಿಗಳನ್ನು ಕಟ್ಟಡದ ಸಂದುಗಳಿಗೆ ಬಳಸುವ ಕಸುಬು ಹೆಚ್ಚು ಬೆಳೆದದ್ದೂ ಜರ್ಮನಿಯಲ್ಲಿಯೇ. ಅಲ್ಲಿನ ಕೆಲಸಗಾರರು ಇದನ್ನು ಕೊಂಪ್ರಿಬಾಂಡ್ ಎನ್ನುತ್ತಾರೆ. ಹಳೆಯ ಪಟ್ಟಿಗಳಿಗೆ ಡಾಂಬರನ್ನು ಉಣಿಸುತ್ತಿದ್ದರು; ಅವು ಕಾಲಕ್ರಮದಲ್ಲಿ ಬಿರುಸಾಗುತ್ತಿದ್ದವು, ಗೋಡೆಗೆ ಕಲೆಯನ್ನೂ ಬಿಡುತ್ತಿದ್ದವು. ಇಂದಿನ ಪಟ್ಟಿಗಳಿಗೆ ಉಣಿಸುವುದು ಹೆಚ್ಚಾಗಿ ಅಕ್ರಿಲಿಕ್ ರಾಳ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಈ ಫೋಮ್ ತೆರೆದ ಕೋಶಗಳದ್ದು, ಅಂದರೆ ಅದರೊಳಗಿನ ಸಣ್ಣ ಸಣ್ಣ ಗುಳಿಗಳು ಒಂದಕ್ಕೊಂದು ಬಾಯಿ ತೆರೆದುಕೊಂಡಿರುವುದರಿಂದ ಬಾಯಿ ಹಚ್ಚಿ ಊದಿದರೆ ಉಸಿರು ಆಚೆ ಬದಿಗೆ ಹೋಗುತ್ತದೆ. ಅಂಥ ವಸ್ತು ಮಳೆಯನ್ನು ತಡೆಯುವುದು ಹೇಗೆ? ಉತ್ತರ ಹಿಂಡುವಿಕೆಯಲ್ಲಿದೆ. ಫೋಮನ್ನು ಅದರ ಸ್ವತಂತ್ರ ದಪ್ಪದ ನಾಲ್ಕನೆಯ ಅಥವಾ ಐದನೆಯ ಒಂದು ಭಾಗಕ್ಕೆ ಹಿಂಡಿದಾಗ ಕೋಶಗಳ ಗೋಡೆಗಳು ಒಂದರ ಮೇಲೊಂದು ಮಡಚಿಕೊಳ್ಳುತ್ತವೆ, ರಾಳವು ಉಳಿದ ಕಿಂಡಿಗಳನ್ನು ಕಿರಿದುಗೊಳಿಸುತ್ತದೆ, ಮತ್ತು ನೀರಿನ ಹನಿಗೆ ಎದುರಾಗುವುದು ಅಂಕುಡೊಂಕಿನ, ನೀರನ್ನು ಒಲ್ಲದ ಮೇಲ್ಮೈಯುಳ್ಳ, ಕೊನೆಗಾಣದ ಹಾದಿ. ನೀರಿನ ಆವಿಯ ಕಣಗಳು ಮಾತ್ರ ಅದೇ ಹಾದಿಯಲ್ಲಿ ನಿಧಾನವಾಗಿ ಹೊರಬೀಳಬಲ್ಲವು. ಇದರಿಂದ ಹೊರಡುವ ಮುಖ್ಯ ಸಂಗತಿಯನ್ನು ಈ ವಿಷಯದ ಬುಡವೆನ್ನಬಹುದು: ಒಂದೇ ಪಟ್ಟಿ ಕಿರಿದಾದ ಸಂದಿನಲ್ಲಿ ಬಿರುಮಳೆಯನ್ನು ತಡೆಯುತ್ತದೆ, ಅದಕ್ಕಿಂತ ಅಗಲವಾದ ಸಂದಿನಲ್ಲಿ ಬರೀ ಧೂಳನ್ನು ತಡೆಯುತ್ತದೆ, ಇನ್ನೂ ಅಗಲವಾದುದರಲ್ಲಿ ಏನನ್ನೂ ತಡೆಯುವುದಿಲ್ಲ, ಆದರೆ ಮೂರರಲ್ಲೂ ಕಣ್ಣಿಗೆ ಮಾತ್ರ ಸಂದು ತುಂಬಿದಂತೆಯೇ ಕಾಣುತ್ತದೆ.

ಹೀಗಾಗಿ ಜರ್ಮನಿಯಲ್ಲಿ ಈ ಪಟ್ಟಿಗಳಿಗೆಂದೇ ಡಿಐಎನ್ 18542 ಎಂಬ ಪ್ರತ್ಯೇಕ ಮಾನದಂಡವಿದೆ. ಹೊರಗೋಡೆಯಲ್ಲಿ ಬಿಸಿಲು ಮಳೆಗೆ ನೇರವಾಗಿ ಒಡ್ಡಿಕೊಳ್ಳುವ ಮೇಲ್ದರ್ಜೆಯ ಪಟ್ಟಿ 600 ಪ್ಯಾಸ್ಕಲ್ ಒತ್ತಡದ ಎರಚಲನ್ನು ತಾಳಬೇಕು, ಮರೆಯಲ್ಲಿರುವ ಎರಡನೆಯ ದರ್ಜೆಯದು 300 ಪ್ಯಾಸ್ಕಲ್ಲನ್ನು. ಒಳಬದಿಯಲ್ಲಿ ಗಾಳಿಯನ್ನಷ್ಟೇ ತಡೆಯುವ ಪಟ್ಟಿಗೆ ಬೇರೆಯೇ ದರ್ಜೆಯಿದೆ. ಪ್ಯಾಸ್ಕಲ್ ಎಂಬುದು ಒತ್ತಡದ ಅಳತೆ. ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗದ ಬಿರುಗಾಳಿ ಗೋಡೆಗೆ ಬಡಿದಾಗ ಹುಟ್ಟುವ ಒತ್ತಡ ಹೆಚ್ಚುಕಡಿಮೆ 600 ಪ್ಯಾಸ್ಕಲ್. ನಿಂತ ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಬರೀ 6 ಸೆಂಟಿಮೀಟರ್ ಎತ್ತರದ ನೀರು ಒತ್ತುವಷ್ಟು. ಈ ಎರಡನೆಯ ಅಂಕಿಯನ್ನು ಮರೆತವರೇ ಹೆಚ್ಚು. ಬಿರುಗಾಳಿಯನ್ನು ಎದುರಿಸುವ ಪಟ್ಟಿ ತಾರಸಿಯ ಮೇಲೆ ನಿಂತ ಒಂದು ಗೇಣು ನೀರನ್ನಾಗಲಿ, ನೆಲಮಾಳಿಗೆಯ ಗೋಡೆಯ ಹಿಂದಿನ ಅಂತರ್ಜಲವನ್ನಾಗಲಿ ತಡೆಯಲಾರದು, ಅದು ಆ ಕೆಲಸಕ್ಕೆ ಹುಟ್ಟಿದ್ದೂ ಅಲ್ಲ.

ಪಟ್ಟಿಯ ಸುರುಳಿಯ ಮೇಲೆ 20/8–15 ಎಂಬಂಥ ಗುರುತು ಇರುತ್ತದೆ. ಮೊದಲ ಅಂಕಿ ಪಟ್ಟಿಯ ಅಗಲ, ಅಂದರೆ ಅದು ಸಂದಿನೊಳಗೆ ಎಷ್ಟು ಆಳಕ್ಕೆ ಕೂರುತ್ತದೆ ಎಂಬುದು. ಉಳಿದ ಎರಡು ಅಂಕಿಗಳು ಯಾವ ಅಗಲದ ಸಂದಿನಿಂದ ಯಾವ ಅಗಲದ ಸಂದಿನವರೆಗೆ ಅದು ತನ್ನ ದರ್ಜೆಗೆ ತಕ್ಕಂತೆ ಕೆಲಸ ಮಾಡುತ್ತದೆ ಎಂಬುದು, ಎಲ್ಲವೂ ಮಿಲಿಮೀಟರಿನಲ್ಲಿ. 15 ಎಂದಿದ್ದರೆ ಫೋಮ್ ಅಲ್ಲಿಗೆ ಉಬ್ಬುವುದನ್ನು ನಿಲ್ಲಿಸುತ್ತದೆ ಎಂದಲ್ಲ, ಅದು 20, 30 ಮಿಲಿಮೀಟರಿನವರೆಗೂ ಉಬ್ಬೀತು, ಆದರೆ 15ರ ಆಚೆಗೆ ಮಳೆಯ ಭರವಸೆ ಇರುವುದಿಲ್ಲ. ಆದ್ದರಿಂದ ಆಯ್ಕೆಯ ಲೆಕ್ಕವನ್ನು ಇಂದಿನ ಅಗಲದ ಮೇಲೆ ಹಾಕುವಂತಿಲ್ಲ. ಆರು ಮೀಟರ್ ಉದ್ದದ ಕಾಂಕ್ರೀಟು ಫಲಕಗಳ ನಡುವೆ 20 ಡಿಗ್ರಿಯ ದಿನ 11 ಮಿಲಿಮೀಟರ್ ಸಂದು ಇದೆಯೆಂದು ಭಾವಿಸಿದರೆ, ಜರ್ಮನಿಯ ಚಳಿಗಾಲದಲ್ಲಿ ಗೋಡೆಯ ಮೈ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿದಾಗ ಅದು 13.4 ಮಿಲಿಮೀಟರಿಗೆ ತೆರೆಯುತ್ತದೆ, ಬೇಸಿಗೆಯ ಬಿಸಿಲಿನಲ್ಲಿ 60 ಡಿಗ್ರಿಗೆ ಏರಿದಾಗ 8.6ಕ್ಕೆ ಮುಚ್ಚುತ್ತದೆ, ಮೇಲಿನ ಪಟ್ಟಿಗೆ ಎರಡೂ ಕೊನೆಗಳು ಒಗ್ಗುತ್ತವೆ. ಆದರೆ ಅದೇ ಸಂದು ಒಂದು ತುದಿಯಲ್ಲಿ 9, ಇನ್ನೊಂದು ತುದಿಯಲ್ಲಿ 14 ಮಿಲಿಮೀಟರ್ ಇದ್ದರೆ, ಚಳಿಗಾಲದಲ್ಲಿ ಅಗಲವಾದ ತುದಿ 16.4 ಮುಟ್ಟಿ ಪಟ್ಟಿಯ ಎಲ್ಲೆಯನ್ನು ದಾಟುತ್ತದೆ, ಕಿರಿದಾದ ತುದಿ ಬೇಸಿಗೆಯಲ್ಲಿ 6.6ಕ್ಕೆ ಇಳಿದು ಕೆಳಗಿನ ಎಲ್ಲೆಯನ್ನೂ ಮೀರುತ್ತದೆ. ಹವಾಮಾನ ತರುವ ವ್ಯತ್ಯಾಸಕ್ಕಿಂತ ಗೋಡೆ ಕಟ್ಟಿದ ಕೈ ತರುವ ವ್ಯತ್ಯಾಸವೇ ಹಲವು ಬಾರಿ ದೊಡ್ಡದೆಂಬುದನ್ನು ಈ ಲೆಕ್ಕ ಮುಲಾಜಿಲ್ಲದೆ ತೋರಿಸುತ್ತದೆ.

ಅಳವಡಿಕೆ ಆರಂಭವಾಗುವುದು ಹೀಗೆ ಅಳೆಯುವುದರಿಂದಲೇ, ಅದೂ ಒಂದು ಕಡೆಯಲ್ಲ, ಸಂದಿನ ಉದ್ದಕ್ಕೂ ಹಲವು ಕಡೆ. ಬಳಿಕ ಗೋಡೆಗಳ ಸರದಿ: ಸಂದಿನೊಳಗೆ ಬಿದ್ದು ಗಟ್ಟಿಯಾದ ಗಾರೆಯ ಉಂಡೆಗಳನ್ನು ಕೆತ್ತಿ ತೆಗೆಯಬೇಕು, ಮುರಿದ ಅಂಚುಗಳನ್ನು ಗಾರೆಯಿಂದ ಸರಿಪಡಿಸಬೇಕು, ಎರಡು ಬದಿಗಳೂ ಸಾಧ್ಯವಾದಷ್ಟು ಸಮಾನಾಂತರವಾಗಿರಬೇಕು, ಸಡಿಲ ಧೂಳನ್ನು ಗುಡಿಸಬೇಕು. ಸೀಲಂಟಿಗೆ ಬೇಕಾಗುವಷ್ಟು ಮಡಿ ಈ ಫೋಮಿಗೆ ಬೇಕಿಲ್ಲ, ಪ್ರೈಮರೂ ಸಾಮಾನ್ಯವಾಗಿ ಬೇಕಿಲ್ಲ, ಗೋಡೆ ಸ್ವಲ್ಪ ತೇವವಿದ್ದರೂ ನಡೆಯುತ್ತದೆ. ಆದರೆ ಆಳವಾದ ಗುಳಿಯಿದ್ದರೆ ಫೋಮ್ ಅಲ್ಲಿ ಹೆಚ್ಚು ಉಬ್ಬಿ ದುರ್ಬಲವಾಗುತ್ತದೆ, ನೀರು ಆ ಜಾಗವನ್ನು ಹುಡುಕಿಕೊಳ್ಳುತ್ತದೆ.

ಸುರುಳಿಯನ್ನು ಬಿಚ್ಚಿದ ಮೇಲೆ ಮೊದಲ ಕೆಲವು ಸೆಂಟಿಮೀಟರುಗಳನ್ನು ಕತ್ತರಿಸಿ ಎಸೆಯುವುದು ಪದ್ಧತಿ, ಏಕೆಂದರೆ ಸುರುಳಿಯ ತುದಿಗಳಲ್ಲಿ ಹಿಂಡುವಿಕೆ ಉಳಿದೆಡೆಯಂತೆ ಇರುವುದಿಲ್ಲ. ಅರ್ಧ ಬಳಸಿದ ಸುರುಳಿಯ ಮೇಲೆ ಇಟ್ಟಿಗೆಯಂಥ ಭಾರವನ್ನು ಇಡಬೇಕು, ಇಲ್ಲವಾದರೆ ಒಳಗಿನ ಒತ್ತಡಕ್ಕೆ ಸುರುಳಿಯ ನಡುಭಾಗ ಮೇಲಕ್ಕೆ ಜಾರಿ ಗೋಪುರದಂತೆ ಎದ್ದು ಕೂರುತ್ತದೆ. ಪಟ್ಟಿಯ ಒಂದು ಮೈಯಲ್ಲಿ ಕಾಗದ ಹೊದಿಸಿದ ಅಂಟು ಇರುತ್ತದೆ. ಕಾಗದ ಸುಲಿದು, ಸಂದಿನ ಎರಡು ಗೋಡೆಗಳಲ್ಲಿ ಹೆಚ್ಚು ನಯವಾದುದಕ್ಕೆ, ಹೊರಮೈಯಿಂದ ಒಂದೆರಡು ಮಿಲಿಮೀಟರ್ ಒಳಸರಿಸಿ ಅಂಟಿಸುತ್ತಾರೆ. ಈ ಅಂಟು ಪಟ್ಟಿ ಉಬ್ಬುವವರೆಗೆ ಅದನ್ನು ಜಾಗದಲ್ಲಿ ನಿಲ್ಲಿಸಲಷ್ಟೇ ಇದೆ. ಮಳೆ ತಡೆಯುವುದರಲ್ಲಿ ಅದರ ಪಾತ್ರವೇನೂ ಇಲ್ಲ. ಲಂಬ ಸಂದುಗಳಲ್ಲಿ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಪಟ್ಟಿಯನ್ನು ಎಂದಿಗೂ ಎಳೆದು ಹಿಗ್ಗಿಸಬಾರದು, ಪ್ರತಿ ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಾಗಿಯೇ ಕತ್ತರಿಸಿ ಒತ್ತಿ ಕೂರಿಸಬೇಕು. ಎಳೆದು ಅಂಟಿಸಿದ ಪಟ್ಟಿ ಕೆಲವೇ ದಿನಗಳಲ್ಲಿ ತನ್ನ ಸಹಜ ಉದ್ದಕ್ಕೆ ಮರಳಿ, ಒಂದರ ಕೊನೆ ಇನ್ನೊಂದರ ಆರಂಭವನ್ನು ಮುಟ್ಟುವಲ್ಲಿ ಕಿಂಡಿ ಬಿಡುತ್ತದೆ. ಮೂಲೆಗಳಲ್ಲಿ ಪಟ್ಟಿಯನ್ನು ಬಾಗಿಸಿ ಸುತ್ತುವುದು ಸುಲಭವಾಗಿ ಕಂಡರೂ ಅಲ್ಲಿ ಹೊರಬದಿ ಎಳೆಯಲ್ಪಟ್ಟು ತೆಳುವಾಗುತ್ತದೆ, ಆದ್ದರಿಂದ ಮೂಲೆಯಲ್ಲಿ ಕತ್ತರಿಸಿ, ಎರಡು ತುಂಡುಗಳ ತುದಿಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಬೇಕು. ಸೋರಿಕೆಯ ದೂರು ಬಂದಾಗ ಅನುಭವಿ ಮೇಸ್ತ್ರಿ ಮೊದಲು ನೋಡಬೇಕಾದದ್ದು ಮೂಲೆಯನ್ನೇ.

ಕೆಲಸಗಾರನಿಗೆ ಸಿಗುವ ಸಮಯವನ್ನು ನಿರ್ಧರಿಸುವುದು ಉಷ್ಣತೆ. ಉಣಿಸಿದ ರಾಳ ಫೋಮಿನ ಪುಟಿತವನ್ನು ತಡೆದು ಹಿಡಿದಿರುತ್ತದೆ, ಬಿಸಿಯಾದಷ್ಟೂ ರಾಳ ಮೆತ್ತಗಾಗಿ ಫೋಮ್ ಬೇಗ ಬಿಡುಗಡೆಯಾಗುತ್ತದೆ. ಸುಡುಬಿಸಿಲಿನಲ್ಲಿ ಕತ್ತರಿಸಿದ ತುಂಡು ಸಂದಿನೊಳಗೆ ತೂರಿಸುವ ಮೊದಲೇ ಉಬ್ಬಿ ಕೈ ಮೀರಬಹುದು, ಆದ್ದರಿಂದ ಬೇಸಿಗೆಯಲ್ಲಿ ಸುರುಳಿಗಳನ್ನು ನೆರಳಿನಲ್ಲಿ, ಕೆಲವೊಮ್ಮೆ ತಂಪುಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುತ್ತಾರೆ; ಹಿಮದ ದಿನಗಳಲ್ಲಿ ಅದೇ ಪಟ್ಟಿ ಎದುರುಗೋಡೆಯನ್ನು ಮುಟ್ಟಲು ದಿನಗಟ್ಟಲೆ ತೆಗೆದುಕೊಳ್ಳುವುದರಿಂದ ಮೊದಲೇ ಬೆಚ್ಚಗಿನ ಕೋಣೆಯಲ್ಲಿಟ್ಟು ತರುತ್ತಾರೆ, ಅಲ್ಲಿಯವರೆಗೆ ಜಾರದಂತೆ ಸಣ್ಣ ಬೆಣೆಗಳನ್ನು ಸಿಕ್ಕಿಸುತ್ತಾರೆ. ಪಟ್ಟಿಯ ಮೇಲೆ ಬಣ್ಣ ಹಚ್ಚುವುದಿದ್ದರೆ ನೀರು ಆಧಾರಿತ ಬಣ್ಣ ಆಗಬಹುದು. ಥಿನ್ನರಿನಂಥ ದ್ರಾವಕಗಳು ರಾಳವನ್ನು ಕರಗಿಸುತ್ತವೆ.

ಜರ್ಮನಿಯಲ್ಲಿ ಈ ಪಟ್ಟಿಗೆ ಅತಿ ಹೆಚ್ಚು ಕೆಲಸವಿರುವುದು ಕಿಟಕಿ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿನಲ್ಲಿ. ಅಲ್ಲಿನ ಕಿಟಕಿ ಜೋಡಣೆಯ ನಿಯಮವೊಂದು ಹೊರಬದಿಗಿಂತ ಒಳಬದಿ ಹೆಚ್ಚು ಬಿಗಿಯಾಗಿರಬೇಕು ಎನ್ನುತ್ತದೆ. ಚಳಿಗಾಲದಲ್ಲಿ 20 ಡಿಗ್ರಿ ಬೆಚ್ಚಗಿರುವ, ಶೇಕಡಾ 50ರಷ್ಟು ತೇವಾಂಶದ ಕೋಣೆಯ ಗಾಳಿ ಸುಮಾರು 9 ಡಿಗ್ರಿಗೆ ತಣಿದರೆ ನೀರು ಹನಿಯಾಗುತ್ತದೆ. ಆ ಗಾಳಿ ಸಂದಿನೊಳಗೆ ನುಗ್ಗಿದರೆ ಹನಿ ಕಟ್ಟುವುದು ಗೋಡೆಯ ಹೊಟ್ಟೆಯಲ್ಲಿ, ಅಲ್ಲಿ ಬೂಷ್ಟು ಬೆಳೆಯುತ್ತದೆ. ಅದಕ್ಕೆಂದೇ ಒಳಬದಿಯಲ್ಲಿ ಗಾಳಿ ತಡೆಯುವ ಪದರ, ನಡುವೆ ಶಾಖ ತಡೆಯುವ ಪದರ, ಹೊರಗೆ ಮಳೆಯನ್ನು ತಡೆದು ಆವಿಯನ್ನು ಬಿಟ್ಟುಕೊಡುವ ಪದರ ಎಂಬ ಮೂರು ಪದರಗಳ ವ್ಯವಸ್ಥೆ ರೂಪುಗೊಂಡಿತು, ಮತ್ತು ಮೂರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ ಉತ್ಪನ್ನಗಳೂ ಬಂದವು. ಅವುಗಳಿಗೆ ಒಳಮುಖ, ಹೊರಮುಖಗಳಿವೆ. ತಿರುಗಿಸಿ ಕೂರಿಸಿದರೆ ತೇವ ಒಳಗೇ ಸೆರೆಯಾಗುತ್ತದೆ. ಉತ್ತರ ಅಮೆರಿಕದಲ್ಲಿ ಇದೇ ತತ್ವವನ್ನು ಭೂಕಂಪದ ಚಲನೆಗೂ ಅವಕಾಶ ಬೇಕಾಗುವ ದೊಡ್ಡ ಸಂದುಗಳಿಗೆ ವಿಸ್ತರಿಸಿ, ಸುರುಳಿಯ ಬದಲು ಸುಮಾರು 2 ಮೀಟರ್ ಉದ್ದದ ದಪ್ಪ ಕೋಲುಗಳನ್ನು ಮಾಡುತ್ತಾರೆ. ಅವುಗಳ ಮುಖಕ್ಕೆ ಮಡಿಕೆಗಳುಳ್ಳ ಸಿಲಿಕೋನ್ ಹೊದಿಕೆಯಿದ್ದು, ಗೋಡೆಗಳಿಗೆ ಎಪಾಕ್ಸಿ ಬಳಿದು ಕೋಲನ್ನು ಕೂರಿಸಿ, ಅಂಚಿಗೆ ಸಿಲಿಕೋನ್ ಹಾಯಿಸುತ್ತಾರೆ. ಬೆಂಕಿಯ ಶಾಖಕ್ಕೆ ಉಬ್ಬಿ ಸಂದನ್ನು ಮುಚ್ಚುವ ಬಗೆಗಳೂ ಉಂಟು.

ಕರ್ನಾಟಕದಲ್ಲಿ ವಿಸ್ತರಣಾ ಸಂದೆಂದರೆ ಸಾಮಾನ್ಯವಾಗಿ ಕಾಣುವುದು ಡಾಂಬರು ಕುಡಿಸಿದ ನಾರಿನ ಹಲಗೆ, ಅದರ ಮೇಲೆ ಪಾಲಿಸಲ್ಫೈಡ್, ಹೊರಗೆ ಅಲ್ಯೂಮಿನಿಯಂ ತಗಡಿನ ಮುಚ್ಚಳ. ಕಿಟಕಿಗಳ ಸುತ್ತ ಡಬ್ಬಿಯಿಂದ ಸಿಡಿಸುವ ಪಿಯು (ಪಾಲಿಯುರಿಥೇನ್) ಫೋಮ್ ಮತ್ತು ಒಂದು ಗೆರೆ ಸಿಲಿಕೋನ್. ಡಬ್ಬಿಯ ಫೋಮನ್ನೂ ಹಿಂಡಿದ ಫೋಮನ್ನೂ ಒಂದೆಂದು ತಿಳಿಯುವುದು ದೊಡ್ಡ ತಪ್ಪು, ರಾಸಾಯನಿಕ ಕುಲ ಒಂದಾದರೂ ಡಬ್ಬಿಯದು ಗಟ್ಟಿಯಾದ ಮೇಲೆ ಚಲನೆಗೆ ಅಷ್ಟಾಗಿ ಮಣಿಯುವುದಿಲ್ಲ, ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಬೆಂಗಳೂರಿನ ಸೌಮ್ಯ ಹವೆಯಲ್ಲಿ ಉಷ್ಣತೆಯ ಏರಿಳಿತ ಜರ್ಮನಿಯದಕ್ಕಿಂತ ಬಹಳ ಕಡಿಮೆ, ಹಾಗಾಗಿ ಇಲ್ಲಿ ಪಟ್ಟಿಯ ಮೇಲೆ ಬೀಳುವ ಹೊರೆಯೂ ಕಡಿಮೆ. ಕರಾವಳಿಯಲ್ಲಿ ಮಾತು ಬೇರೆ. ಅಲ್ಲಿಯ ಮುಂಗಾರಿನ ಎರಚಲು ಪಟ್ಟಿಗೆ ನಿಜವಾದ ಪರೀಕ್ಷೆಯೇ, ಮತ್ತು ಒರಟು ಕೆಂಪುಕಲ್ಲಿನ ಗೋಡೆಯನ್ನು ಮೊದಲು ಗಾರೆಯಿಂದ ನಯಗೊಳಿಸದೆ ಪಟ್ಟಿ ಅಂಟಿಸಿದರೆ ಪ್ರತಿ ಗುಳಿಯೂ ಒಂದೊಂದು ತೂತಾದೀತು. ಇದಲ್ಲದೆ ಮಂಗಳೂರಿನಲ್ಲಿ ಎಸಿ ಹಾಕಿದ ಕೋಣೆಯ ಆವಿಯ ಹಾದಿ ಜರ್ಮನಿಯದಕ್ಕೆ ತದ್ವಿರುದ್ಧ: ಬೆಚ್ಚಗಿನ ತೇವದ ಗಾಳಿ ಹೊರಗಿದೆ, ತಂಪು ಒಳಗಿದೆ, ಆದ್ದರಿಂದ ಆವಿ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಒಳಬದಿಯೇ ಹೆಚ್ಚು ಬಿಗಿಯಾಗಿರಲಿ ಎಂಬ ನಿಯಮವನ್ನು ಅಲ್ಲಿ ಕಣ್ಣುಮುಚ್ಚಿ ಪಾಲಿಸುವುದು ಅವಿವೇಕ.

ಬೆಲೆಯಲ್ಲಿ ಈ ಪಟ್ಟಿ ಸಾಧಾರಣ ಸೀಲಂಟಿಗಿಂತ ದುಬಾರಿ, ಮತ್ತು ಎಲ್ಲ ಕಡೆಗೂ ಅದು ಬೇಕೆಂದೇನೂ ಇಲ್ಲ. ಚಲನೆ ಕಡಿಮೆಯಿರುವ, ಕೈಗೆ ಎಟಕುವ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಾಯಿಸಬಹುದಾದ ಸಂದಿಗೆ ಒಳ್ಳೆಯ ಸೀಲಂಟೇ ಸಾಕು. ಏಣಿ ತಲುಪದ ಎತ್ತರದ ಹೊರಗೋಡೆಗೆ, ಒಮ್ಮೆ ಮುಚ್ಚಿದ ಮೇಲೆ ಮತ್ತೆ ತೆರೆಯಲಾಗದ ಕಿಟಕಿಯ ಹಿಂಬದಿಗೆ ಪಟ್ಟಿಯೇ ಮೇಲು. ಅಂಥ ಕಡೆ ಇದನ್ನು ಹಾಕಿಸುವವರು ಗುತ್ತಿಗೆದಾರರಿಂದ ಕೇಳಬೇಕಾದದ್ದು ಬ್ರ್ಯಾಂಡಿನ ಹೆಸರನ್ನಲ್ಲ. ಸಂದಿನ ಅತಿ ಕಿರಿದಾದ ಮತ್ತು ಅತಿ ಅಗಲವಾದ ಅಳತೆಗಳು ಎಷ್ಟು, ಸುರುಳಿಯ ಮೇಲಿನ ಅಂಕಿಗಳು ಎಷ್ಟು ಎಂಬ ಎರಡು ಸಂಗತಿಗಳನ್ನು ಸುರುಳಿ ಬಿಚ್ಚುವ ಮೊದಲೇ ಬರಹದಲ್ಲಿ ಪಡೆಯಲಿ.